ಬಾಲ್ಕನಿಯ ಹುಲ್ಲಿಗೆ ಕೈ ಹಾಕಬೇಡಿ

ನನಗೆ ಕೋಪವೇ ಬರುವುದಿಲ್ಲ ಎಂದು ನಮ್ಮ ನೆಂಟರಿಷ್ಟರಲ್ಲಿ ಒಂದು ಹೆಸರಿದೆ. ಮಕ್ಕಳೇ, ಅದು ಶುದ್ಧ ಸುಳ್ಳು. ನನಗೆ ಬೇಕಾದಷ್ಟು ಕೋಪ ಬರುತ್ತದೆ. ಬಂದದ್ದು ಗಂಟಲವರೆಗೆ ಬಂದು, ಎದುರಿಗೆ ಜನ ಕೂತಿರುವುದನ್ನು ಕಂಡು, ನಾಚಿಕೊಂಡು ವಾಪಸ್ಸು ಹೋಗುತ್ತದೆ. ಹಾಗೆ ವಾಪಸ್ಸು ಹೋದ ಕೋಪಗಳೆಲ್ಲ ಎಲ್ಲಿ ಸೇರುತ್ತವೋ ಗೊತ್ತಿಲ್ಲ. ನನ್ನ ಎಡಮಂಡಿಯ ನೋವಿಗೆ ಡಾಕ್ಟರು ಬೇರೆ ಏನೋ ಕಾರಣ ಹೇಳಿದ್ದಾರೆ, ನನಗೆ ಮಾತ್ರ ಈ ಕೋಪಗಳ ಮೇಲೆಯೇ ಅನುಮಾನ. ಬಾಯಲ್ಲಿ ಆಡಲಾಗದ್ದನ್ನು ಬರೆದಾದರೂ ಇಡೋಣ ಎಂದು ಕೂತಿದ್ದೇನೆ. ವಿಷಯ ಬಹಳ ಸಣ್ಣದು. ನಮ್ಮ ಬಾಲ್ಕನಿಯ ಹುಲ್ಲು.

ಈ ಹುಲ್ಲಿನ ವಿಚಾರದಲ್ಲಿ ನಾನು ಮೊದಲು ಕೋಪಿಸಿಕೊಂಡದ್ದು ಹುಲ್ಲಿನ ಮೇಲೆಯೇ. ಸಿಂಚನ, ನಿನಗೆ ನೆನಪಿರಬೇಕು. ತೋಟಗಾರಿಕೆ ಓದುತ್ತೇನೆಂದು ಹಾಸ್ಟೆಲಿಗೆ ಹೋದವಳು ಯುಗಾದಿ ರಜಕ್ಕೆ ಬರುವಾಗ ಯಾವುದೋ ನರ್ಸರಿಯಿಂದ ಕುಂಡಗಳನ್ನು ಹೊತ್ತುಕೊಂಡು ಬಂದೆ. ನಾನು ದಾಸವಾಳವೋ ಮಲ್ಲಿಗೆಯೋ ಇರಬೇಕೆಂದು ಆಸೆಯಿಂದ ಪೇಪರು ಬಿಚ್ಚಿದರೆ ಒಳಗೆ ಹುಲ್ಲು. ಒಂದು ನೇರಳೆ ಬಣ್ಣದ್ದು, ಒಂದು ಎಲೆಯ ಅಂಚಿಗೆ ಬಿಳಿ ಗೆರೆ ಎಳೆದದ್ದು. ಅಲಂಕಾರದ ಹುಲ್ಲು ಅಜ್ಜಿ, ಎಲ್ಲಾ ಕಡೆ ಈಗ ಇದೇ, ನೀನು ನೋಡಿಕೊ ಎಂದೆ. ನಾನು ಹೂಂ ಎಂದೆ. ಒಳಗೆ ನನ್ನ ಹೊಟ್ಟೆ ಉರಿದುಹೋಯಿತು.

ಯಾಕೆ ಉರಿಯಬಾರದು? ಮದುವೆಯಾಗಿ ಪಂಚನಹಳ್ಳಿಗೆ ಹೋದವಳು ನಾನು ಆಯುಷ್ಯದ ಮುಕ್ಕಾಲು ಭಾಗ ಮಾಡಿದ ಕೆಲಸವೇ ಹುಲ್ಲು ಕೀಳುವುದು. ಕುಂಟೆ ಹೊಡೆದ ಮೇಲೂ ರಾಗಿ ಸಾಲಿನ ನಡುವೆ ಉಳಿದ ಹುಲ್ಲು, ತೆಂಗಿನ ಪಾತಿಯ ಹುಲ್ಲು, ಮೇಲೆ ಕಿತ್ತರೆ ಕೆಳಗೆ ಗಡ್ಡೆಯಲ್ಲಿ ಕೂತು ನಗುವ ಕೊನ್ನಾರಿ. ಒಂದು ಮಳೆ ಬಿದ್ದರೆ ಊರಿಗೆಲ್ಲ ಸಂತೋಷ, ಹೆಂಗಸರಿಗೆ ಮಾತ್ರ ಸೊಂಟ ಹಿಡಿದುಕೊಳ್ಳುವ ಕಾಲ. ನಮ್ಮ ಮಾತಿನಲ್ಲೂ ಹುಲ್ಲಿಗೆ ಎಂದೂ ಮರ್ಯಾದೆ ಇದ್ದದ್ದಲ್ಲ. ಲೆಕ್ಕ ತಪ್ಪಿದರೆ ನಮ್ಮ ಮೇಷ್ಟ್ರು, ತಲೆಯಲ್ಲಿ ಹುಲ್ಲು ಬೆಳೆದಿದೆಯಾ ಎಂದು ಕೇಳುತ್ತಿದ್ದರು. ಅಂಥ ಹುಲ್ಲನ್ನು ದುಡ್ಡು ಕೊಟ್ಟು ತಂದು, ಕುಂಡದಲ್ಲಿ ಕೂರಿಸಿ, ಅದಕ್ಕೆ ನಾನು ಚೊಂಬಿನಲ್ಲಿ ನೀರು ಹಾಕಬೇಕು. ಸೊಸೆಯಾಗಿ ಮಾಡಿದ ಚಾಕರಿ ಸಾಲದು ಎಂದು ಈಗ ಹುಲ್ಲಿನ ಚಾಕರಿ.

ಆದರೂ ಹಾಕಿದೆ. ಬೇಡ ಎನ್ನುವುದು ನನಗೆ ಬರುವುದಿಲ್ಲವಲ್ಲ.

ಮುಂಗಾರು ಕಳೆಯುವ ಹೊತ್ತಿಗೆ ಆ ನೇರಳೆ ಹುಲ್ಲು ತೆನೆ ಬಿಟ್ಟಿತು. ತೆನೆ ಎಂದರೆ ಕಾಳಿನ ತೆನೆಯಲ್ಲ, ಅಳಿಲಿನ ಬಾಲದ ಹಾಗೆ, ಮೆತ್ತಗೆ, ಉದ್ದಕ್ಕೆ, ತುದಿಯಲ್ಲಿ ಬಾಗಿಕೊಂಡು. ಒಂದು ಸಂಜೆ ಕೆರೆಯ ಕಡೆಯಿಂದ ಗಾಳಿ ಬಂತು. ಅಷ್ಟೂ ಬಾಲಗಳು ಒಟ್ಟಿಗೆ ಒಂದು ಕಡೆ ಬಗ್ಗಿ, ಒಟ್ಟಿಗೆ ಎದ್ದವು. ನಾನು ಒಣಗಿದ ಬಟ್ಟೆ ತರಲು ಹೋದವಳು ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು ಅಲ್ಲೇ ನಿಂತುಬಿಟ್ಟೆ. ಒಳಗೆ ಒಲೆಯ ಮೇಲಿದ್ದ ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ನಿಮ್ಮಮ್ಮ, ಎಲ್ಲಿದ್ದೆ ಅಮ್ಮ ಎಂದು ಕೇಳಿದಳು. ಬಟ್ಟೆ ಮಡಿಸುತ್ತಿದ್ದೆ ಎಂದೆ. ಹುಲ್ಲು ನೋಡುತ್ತಿದ್ದೆ ಎಂದು ಹೇಳಲು ಯಾವ ಬಾಯಿ?

ಅಲ್ಲಿಂದ ಶುರುವಾಯಿತು. ನಾನು ಕದ್ದು ಹುಲ್ಲು ನೋಡತೊಡಗಿದೆ. ನೋಡಿದ ಹಾಗೆಲ್ಲ ನನ್ನ ಮೊದಲಿನ ಕೋಪ ಎಷ್ಟು ಅನ್ಯಾಯದ್ದು ಎನ್ನಿಸುತ್ತ ಬಂತು. ಗಣಪತಿಗೆ ಗರಿಕೆ ಇಲ್ಲದೆ ಪೂಜೆಯಿಲ್ಲ. ನಾವು ಹಣೆಗೆ ಹಚ್ಚುವ ವಿಭೂತಿ ಸಗಣಿಯಿಂದ ಆದದ್ದು, ಸಗಣಿ ಹಸುವಿನಿಂದ, ಹಸು ಹುಲ್ಲಿನಿಂದ. ಹಾಗೆ ನೋಡಿದರೆ ನಮ್ಮ ಮನೆತನದವರೆಲ್ಲ ತಲೆತಲಾಂತರದಿಂದ ಹಣೆಯ ಮೇಲೆ ಹುಲ್ಲನ್ನೇ ಹೊತ್ತುಕೊಂಡಿದ್ದೇವೆ. ಇದನ್ನು ಫೋನಿನಲ್ಲಿ ನಿನಗೆ ಹೇಳಿದಾಗ ಸಿಂಚನ, ನೀನು ನಕ್ಕು ಇನ್ನೊಂದು ಹೇಳಿದೆ: ರಾಗಿ, ಜೋಳ, ಭತ್ತ, ಕಬ್ಬು, ಇವೆಲ್ಲ ಹುಲ್ಲಿನ ಜಾತಿಯವೇ ಅಂತೆ. ನಾನು ಆ ದಿನವೆಲ್ಲ ಯೋಚಿಸಿದೆ. ಅಂದರೆ ನಾನು ಅಷ್ಟು ವರ್ಷ ಹೊಲದಲ್ಲಿ ಒಂದು ಹುಲ್ಲನ್ನು ಸಾಕುವುದಕ್ಕಾಗಿ ಅದರ ದಾಯಾದಿಗಳನ್ನು ಕೀಳುತ್ತಿದ್ದೆ. ಈ ಮಾತನ್ನು ನಮಗೆ ಆಗಲೇ ಯಾರಾದರೂ ಹೇಳಬಾರದಿತ್ತೇ? ಕೀಳುವುದೇನೂ ತಪ್ಪುತ್ತಿರಲಿಲ್ಲ, ಬೈಯುವುದನ್ನಾದರೂ ಸ್ವಲ್ಪ ಕಡಿಮೆ ಮಾಡುತ್ತಿದ್ದೆ.

ಇದರ ನಡುವೆ ನನಗೆ ಒಂದು ಆಸೆ ಹುಟ್ಟಿತು. ನನ್ನ ತವರು ಶಿವನಿಯ ಹತ್ತಿರ, ಅಜ್ಜಂಪುರದ ಕಡೆಯ ದನದ ಕಾವಲಿನ ಪಕ್ಕ. ಕಾವಲು ಎಂದರೆ ದನ ಮೇಯಲು ಬಿಟ್ಟ ಬಯಲು, ಕಣ್ಣು ಹೋದಷ್ಟು ದೂರ ಹುಲ್ಲೇ. ನಾನು ಏಳನೆಯ ತರಗತಿಯವರೆಗೆ ಅದರ ಅಂಚಿನ ಕಾಲುದಾರಿಯಲ್ಲೇ ಸ್ಕೂಲಿಗೆ ಹೋದವಳು. ಕಾರ್ತೀಕದ ಹೊತ್ತಿಗೆ ಅಲ್ಲಿ ಕರಡ ಹುಲ್ಲು ನಮ್ಮ ತಲೆಗಿಂತ ಎತ್ತರ ಬೆಳೆದು, ಕೆಂಪಗೆ ಮಾಗಿ, ಗಾಳಿಗೆ ಶೂ ಎನ್ನುತ್ತಿತ್ತು. ಮುಂದೆ ಹೋಗುವವಳ ಜಡೆಯ ರಿಬ್ಬನ್ನು ಮಾತ್ರ ಕಾಣುತ್ತಿತ್ತು. ಆ ಕರಡ ಒಂದು ಬುಡ ನನ್ನ ಬಾಲ್ಕನಿಯಲ್ಲಿರಬೇಕು. ತಿನ್ನುವುದಕ್ಕಲ್ಲ, ದನಕ್ಕಲ್ಲ, ಪೊರಕೆಗಲ್ಲ. ನಾನು ನೋಡುವುದಕ್ಕೆ. ಯೋಚಿಸಿ ನೋಡಿ ಮಕ್ಕಳೇ, ಹೊಲ ಮಾವನವರದು, ಅಡುಗೆಮನೆ ಅತ್ತೆಯವರದು, ಈಗ ಇರುವ ಮನೆ ನಿಮ್ಮಪ್ಪನದು. ಎಲ್ಲರೂ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು, ಇಲ್ಲವೆನ್ನುವುದಿಲ್ಲ. ಆದರೆ ಯಾವ ಉಪಯೋಗವೂ ಇಲ್ಲದ ಒಂದು ವಸ್ತುವನ್ನು ನನಗೆ ಬೇಕು ಎಂದು ನಾನು ತಂದಿಟ್ಟುಕೊಂಡದ್ದು ಅದೇ ಮೊದಲು.

ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋದಾಗ ದಾರಿಯ ಬದಿಯಲ್ಲಿ ಒಂದು ಬುಡ ಕಿತ್ತೆ. ತಮ್ಮ, ಅಕ್ಕಯ್ಯ, ಅದನ್ನ ಬಸ್ಸಲ್ಲಿ ತಗೊಂಡೋದ್ರೆ ಕಂಡಕ್ಟರ್ ಹಸು ಎಲ್ಲಿ ಅಂತ ಕೇಳ್ತಾನೆ ಎಂದು ಎಲ್ಲರ ಮುಂದೆ ನಗಾಡಿದ. ನಾನೂ ನಕ್ಕೆ. ಬೇರಿಗೆ ಒದ್ದೆ ಗೋಣಿ ಸುತ್ತಿ, ತಾಂಬೂಲದ ಚೀಲದಲ್ಲಿಟ್ಟು, ಮೇಲೆ ತೆಂಗಿನಕಾಯಿ ಮುಚ್ಚಿಕೊಂಡು ಬಂದೆ. ಖಾಲಿ ಪೇಂಟ್ ಬಕೆಟ್ಟಿನ ತಳಕ್ಕೆ ತೂತು ಕೊರೆದು, ಕೆಮ್ಮಣ್ಣು, ಮರಳು, ಒಂದೇ ಹಿಡಿ ಗೊಬ್ಬರ ಹಾಕಿ ನೆಟ್ಟೆ. ಹುಲ್ಲಿಗೆ ಗೊಬ್ಬರ ಹೆಚ್ಚಾದರೆ ಸೊಕ್ಕಿ ಮಲಗುತ್ತದೆ, ಕುಂಡದಲ್ಲಿ ಅದು ಎದ್ದು ನಿಂತಿದ್ದರೇ ಚೆಂದ. ಕರಡ ಒಂದು ತಿಂಗಳು ಮುನಿಸಿಕೊಂಡು, ಆಮೇಲೆ ಚಿಗುರಿತು.

ಇಷ್ಟಾದ ಮೇಲೆ ನಿಜವಾದ ಕೋಪದ ಕಥೆ.

ನಮ್ಮ ಮನೆ ಇರುವುದು ತರೀಕೆರೆ ಬಸ್ ಸ್ಟ್ಯಾಂಡಿಗೆ ಹತ್ತಿರ. ಕೆಳಗೆ ನಿಮ್ಮಪ್ಪನ ಎಲೆಕ್ಟ್ರಿಕಲ್ ಅಂಗಡಿ, ಮೇಲೆ ಮನೆ. ಹೀಗಾಗಿ ಶಿವನಿ, ಅಜ್ಜಂಪುರ, ಪಂಚನಹಳ್ಳಿ, ಕಡೂರು, ಎಲ್ಲಿಂದ ಯಾವ ನೆಂಟರು ತರೀಕೆರೆಗೆ ಬಂದರೂ, ಬಸ್ಸಿಗೆ ಇನ್ನೂ ಹೊತ್ತಿದೆಯಲ್ಲ ಎಂದು ಮೆಟ್ಟಿಲು ಹತ್ತುತ್ತಾರೆ. ಬರಲಿ, ಸಂತೋಷ. ಕಾಫಿ ಕುಡಿಯುತ್ತ ಬಾಲ್ಕನಿಗೆ ಬರುತ್ತಾರೆ. ಬರಲಿ. ಆದರೆ ನಮ್ಮ ಕಡೆಯವರಿಗೆ ಒಂದು ರೂಢಿಯಿದೆ. ಯಾರದಾದರೂ ಹೊಲದಲ್ಲಿ ಮಾತಾಡುತ್ತ ನಿಂತರೆ ಕೈ ಸುಮ್ಮನಿರಬಾರದು. ಬಾಯಿ ಯೋಗಕ್ಷೇಮ ವಿಚಾರಿಸುತ್ತಿರುವಾಗ ಕೈ ಅಕ್ಕಪಕ್ಕದ ಕಳೆ ಕೀಳುತ್ತಿರಬೇಕು. ಅದು ಮರ್ಯಾದೆ. ಕೈಕಟ್ಟಿ ನಿಂತು ಮಾತಾಡಿ ಹೋದವರನ್ನು ಆಮೇಲೆ ಆಡಿಕೊಳ್ಳುತ್ತಾರೆ.

ಈ ಮರ್ಯಾದೆಯನ್ನೆಲ್ಲ ಅವರು ನನ್ನ ಬಾಲ್ಕನಿಗೆ ಹೊತ್ತು ತಂದರು. ನಿಮ್ಮ ತಾತನ ಸೋದರತ್ತೆಯ ಮಗ, ತನ್ನ ಮಗಳ ಮದುವೆಗೆ ಕರೆಯಲು ಬಂದವನು, ಛತ್ರ ಯಾವುದು, ಅಡುಗೆಯವರು ಯಾರು ಎಂದು ಹೇಳಿ ಮುಗಿಸುವುದರೊಳಗೆ ಬಿಳಿ ಗೆರೆಯ ಹುಲ್ಲನ್ನು ಅರ್ಧ ಬೋಳು ಮಾಡಿದ. ಕಿತ್ತದ್ದನ್ನು ನೀಟಾಗಿ ಸಿವುಡು ಮಾಡಿ, ಸಣ್ಣ ಕಂತೆ ಕಟ್ಟಿ ನನ್ನ ಕೈಗೆ ಕೊಟ್ಟು, ತಗೊಳ್ಳವ್ವ, ಯಾವುದಾದ್ರೂ ದನಕ್ಕೆ ಹಾಕು ಎಂದ. ನಾನು ತೆಗೆದುಕೊಂಡೆ. ಜೊತೆಗೆ, ಬಿಡಿ, ನಿಮಗ್ಯಾಕೆ ತೊಂದರೆ ಎಂದೂ ಹೇಳಿದೆ. ಬಾಯಿಂದ ಬಂದದ್ದು ಅದು. ಬರಬೇಕಾಗಿದ್ದದ್ದು ಬೇರೆ. ಎದುರುಮನೆಯಾಕೆಯಂತೂ ಬಟ್ಟೆ ಒಣಹಾಕುವಾಗಲೆಲ್ಲ, ಅಜ್ಜಿ, ಹಸು ಯಾವಾಗ ಮೇಲಕ್ಕೆ ಹತ್ತಿಸ್ತೀರಾ ಎಂದು ಕೇಳುತ್ತಾಳೆ. ಅವಳ ಮನೆಯ ಕುಂಡದಲ್ಲಿ ಪ್ಲಾಸ್ಟಿಕ್ ಹೂವಿದೆ, ಅದಕ್ಕೆ ವಾರಕ್ಕೊಮ್ಮೆ ಸೋಪು ಹಾಕಿ ಸ್ನಾನ ಮಾಡಿಸುತ್ತಾಳೆ. ನಾನು ಒಂದು ದಿನವಾದರೂ ಕೇಳಿದ್ದೇನೆಯೇ?

ನನ್ನ ಉಪಾಯವೆಂದರೆ ನೆಂಟರು ಬಂದಾಗ ಕುಂಡಗಳಿಗೆ ಅಡ್ಡವಾಗಿ ನಿಲ್ಲುವುದು. ಕರಡದ ಬಕೆಟ್ಟನ್ನು ಮೂಲೆಗೆ ಸರಿಸಿ ಅದರ ಮುಂದೆ ಒದ್ದೆ ಟವೆಲು ಹರವುವುದು. ನನ್ನ ಮನೆಯಲ್ಲಿ ನನ್ನ ಹುಲ್ಲನ್ನು ನಾನೇ ಬಚ್ಚಿಡಬೇಕಾದ ಸ್ಥಿತಿ. ಇದು ನನ್ನದು, ಕೀಳಬೇಡಿ ಎಂಬ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದು ಕೂತು, ಕಾಫಿಗೆ ಸಕ್ಕರೆ ಸಾಕೇ ಎಂದು ಬದಲಾಗಿ ಹೊರಗೆ ಬೀಳುತ್ತಿತ್ತು.

ಹೀಗಿರುವಾಗ ಗಿರಿಜಕ್ಕ ಬಂದಳು. ಗಿರಿಜಕ್ಕ ನನ್ನ ಓರಗಿತ್ತಿ, ನಿಮ್ಮ ತಾತನ ಅಣ್ಣನ ಹೆಂಡತಿ, ಪಂಚನಹಳ್ಳಿಯಿಂದ. ಕಣ್ಣಿನ ಪೊರೆ ತೆಗೆಸಿಕೊಂಡು, ಡಾಕ್ಟರಿಗೆ ತೋರಿಸಲು ಹತ್ತಿರವಾಗುತ್ತದೆಂದು ನಮ್ಮಲ್ಲಿ ಉಳಿದಳು. ಬಗ್ಗಬಾರದು, ಭಾರ ಎತ್ತಬಾರದು ಎಂದು ಹೇಳಿದ್ದರು. ನಾನು ಅವಳ ಕಣ್ಣಿಗೆ ಔಷಧಿ ಬಿಟ್ಟೆ, ಬಿಸಿನೀರು ಕಾಯಿಸಿಕೊಟ್ಟೆ, ಅವಳಿಗೆ ಬೇಕಾದ ಹಾಗೆ ಮುದ್ದೆ ಕಟ್ಟಿಕೊಟ್ಟೆ. ಗಿರಿಜಕ್ಕ ಒಳ್ಳೆಯವಳು. ಕೆಲಸದಲ್ಲಿ ಅವಳಿಗೆ ಸಮ ಇಲ್ಲ. ಅದೇ ತೊಂದರೆಯಾದದ್ದು. ಹೊಸದಾಗಿ ಬಂದ ಕಣ್ಣಿಗೆ ಮೊದಲು ಕಂಡದ್ದು ನನ್ನ ಬಾಲ್ಕನಿ.

ಸೋಮವಾರ ಬೆಳಿಗ್ಗೆ ನಾನು ದೇವಸ್ಥಾನಕ್ಕೆ ಹೋಗಿ ಬಂದೆ. ಬಾಲ್ಕನಿಯ ಬಾಗಿಲು ತೆರೆದಿತ್ತು. ಗಿರಿಜಕ್ಕ ಮಣೆಯ ಮೇಲೆ ಬೆನ್ನು ನೇರ ಮಾಡಿ, ಕಪ್ಪು ಕನ್ನಡಕ ಹಾಕಿಕೊಂಡು, ಮಹಾರಾಣಿಯ ಹಾಗೆ ಕೂತಿದ್ದಳು. ಅವಳ ಮುಂದಿದ್ದ ಕುಂಡಗಳಲ್ಲಿ ಬರೀ ಮಣ್ಣು. ನೇರಳೆಯದು ಇಲ್ಲ, ಬಿಳಿ ಗೆರೆಯದು ಇಲ್ಲ, ಕರಡವೂ ಇಲ್ಲ. ಎಲ್ಲವನ್ನೂ ಬೇರು ಸಮೇತ ಎಬ್ಬಿಸಿ, ಮಣ್ಣು ಕೊಡವಿ, ಮತ್ತೆ ನಾಟಿಕೊಳ್ಳದಿರಲಿ ಎಂದು ಬೇರು ಮೇಲೆ ಮಾಡಿ, ಪ್ಯಾರಾಪೆಟ್ಟಿನ ಮೇಲೆ ಬಿಸಿಲಿಗೆ ಸಾಲಾಗಿ ಜೋಡಿಸಿದ್ದಳು. ಹೊಲದಲ್ಲಿ ಹಾಗೇ ಮಾಡುವುದು. ನಾನೂ ಹಾಗೇ ಮಾಡಿದವಳು. ಬಕೆಟ್ಟಿನ ಅಂಚಿನಲ್ಲಿ ತಾನಾಗಿ ಹುಟ್ಟಿದ್ದ ಒಂದು ತುಂಬೆ ಗಿಡವನ್ನು ಮಾತ್ರ ಶಿವನಿಗೆ ಹೂವಾಗುತ್ತದೆ ಎಂದು ಉಳಿಸಿದ್ದಳು. ನನ್ನ ಬಾಲ್ಕನಿಯಲ್ಲಿ ಕಳೆ ಎಂದು ಇದ್ದದ್ದು ಅದೊಂದೇ.

"ಬಂದ್ಯಾ ಶಾರದಿ? ಏನೇ ಇದು, ಯಾರೂ ಇಲ್ಲದ ಹಾಳು ಮನೆ ತರ ಹುಲ್ಲು ಬೆಳೆಸ್ಕೊಂಡು ಕೂತಿದೀಯ. ಎಲ್ಲಾ ಕಿತ್ತಾಕಿದೀನಿ. ಅಡಿಗೆಮನೇಲಿ ಕೊತ್ತಂಬ್ರಿ ಬೀಜ ಇತ್ತು, ಉಜ್ಜಿ ಉದುರ್ಸಿದೀನಿ. ನೀರು ಹಾಕ್ತಿರು, ಸಾರಿಗಾಗ್ತದೆ."

ಬಗ್ಗಬಾರದು ಎಂದಿದ್ದರಲ್ಲ ಅಕ್ಕ ಎಂದೆ. ಬಗ್ಗಬಾರದು ಅಂದವ್ರೆ, ಕೂರಬಾರದು ಅಂದಿಲ್ಲ ಎಂದಳು.

ಪ್ಯಾರಾಪೆಟ್ಟಿನ ಮೇಲೆ ಕರಡದ ಬೇರು ಆಗಲೇ ಬಾಡಿ ನೂಲಿನ ಹಾಗೆ ಆಗಿತ್ತು. ಎಂದಿನಂತೆ ಕೋಪ ಗಂಟಲಿಗೆ ಬಂತು. ನಾನು ಅದು ವಾಪಸ್ಸು ಹೋಗುವುದನ್ನೇ ಕಾದೆ. ಹೋಗಲಿಲ್ಲ.

"ಅಕ್ಕ, ಅದು ಕಳೆ ಅಲ್ಲ. ನಂದು."

"ನಿಂದು ಅಂದ್ರೆ?"

"ನಾನು ಬೆಳೆಸಿದ್ದು. ನೋಡಕ್ಕೆ."

"ಹುಲ್ಲು ನೋಡಕ್ಕಾ?"

"ಹೂಂ. ನಂಗೆ ಬೇಕು ಅದು. ನೀನು ಕೇಳದೆ ಕೀಳಬಾರದಿತ್ತು."

ಕೈಯಲ್ಲಿದ್ದ ಪೂಜೆಯ ತಟ್ಟೆಯನ್ನು ಕೆಳಗಿಟ್ಟೆ. ಗಿರಿಜಕ್ಕ ಕಪ್ಪು ಕನ್ನಡಕ ತೆಗೆದು ನನ್ನನ್ನು ನೋಡಿದಳು. ಅವಳು ಅತ್ತುಬಿಟ್ಟರೆ ಕಣ್ಣಿನ ಗತಿಯೇನು ಎಂದು ನನಗೆ ದಿಗಿಲಾಯಿತು. ಅವಳು ಅಳಲಿಲ್ಲ. ಅವಳಿಗೂ ಕೋಪ ಬಂದಿತ್ತು.

"ಬೇಕು ಅನ್ನೋದನ್ನ ನಿನ್ನ ಬಾಯಲ್ಲಿ ಇವತ್ತೇ ಕಣೇ ಕೇಳ್ತಿರೋದು ನಾನು. ಮನೆಗೆ ಬಂದಾಗಿಂದ ಯಾವ ಸೀರೆ ಬೇಕೇ ಅಂದ್ರೆ ಯಾವುದಾದ್ರೂ ಸರಿ. ಮುದ್ದೆ ಇಕ್ಲಾ ಅನ್ನ ಇಕ್ಲಾ ಅಂದ್ರೆ ಯಾವುದಾದ್ರೂ ಸರಿ. ನಿಂಗೆ ಸೇರಿದ್ದು ಯಾವುದು, ಸೇರದೆ ಇದ್ದಿದ್ದು ಯಾವುದು ಅಂತ ನಾವು ಯಾರನ್ನ ಕೇಳಬೇಕಿತ್ತು? ಈ ಹುಲ್ಲನ್ನಾ?"

ನ್ಯಾಯ ನೋಡಿ. ಕಿತ್ತವಳು ಅವಳು, ಬೈಸಿಕೊಂಡವಳು ನಾನು. ಅನ್ಯಾಯ ಎಂದು ಕೂಗಬೇಕೆನ್ನಿಸಿತು. ಆದರೆ ಆ ಮಾತಿನಲ್ಲಿ ಒಂದು ತಪ್ಪಾದರೂ ಸಿಗುತ್ತದೋ ಎಂದು ಹುಡುಕಿದೆ, ಸಿಗಲಿಲ್ಲ. ಅದಕ್ಕೇ ಇನ್ನೂ ಹೆಚ್ಚು ಕೋಪ ಬಂತು. ರಾಗಿ ಹೊಲದಲ್ಲಿ ರಾಗಿ ಉಳಿಯುವುದು, ಬೇರೆ ಹುಲ್ಲು ಹೋಗುವುದು ಯಾಕೆ? ರಾಗಿ ನಮಗೆ ಬೇಕು ಎಂದು ಊರಿಗೆಲ್ಲ ಗೊತ್ತು, ಅದಕ್ಕೆ. ನನ್ನ ಹುಲ್ಲು ನನಗೆ ಬೇಕೆಂದು ನನಗೊಬ್ಬಳಿಗೇ ಗೊತ್ತಿತ್ತು. ಹಾಗೆ ಗುಟ್ಟಾಗಿ ಬೇಕಾಗಿರುವುದನ್ನು ಯಾರು ಬೇಕಾದರೂ ಕೀಳಬಹುದು, ಅದೂ ಉಪಕಾರ ಮಾಡುತ್ತಿದ್ದೇವೆ ಎಂದುಕೊಂಡೇ.

ಗಿರಿಜಕ್ಕ ಗೊಣಗುತ್ತಲೇ ಎದ್ದಳು. ಪ್ಯಾರಾಪೆಟ್ಟಿನ ಮೇಲಿದ್ದ ಬುಡಗಳನ್ನು ಒಂದೊಂದಾಗಿ ತೆಗೆದು ನೀರಿನ ಬಕೆಟ್ಟಿಗೆ ಇಳಿಬಿಟ್ಟಳು. ಹುಲ್ಲು ತಾನೇ, ಸಾಯಲ್ಲ, ನಾವು ಎಷ್ಟು ಕೊಂದಿಲ್ಲ, ಸತ್ತಿತಾ ಎಂದು ನನಗೂ ಹುಲ್ಲಿಗೂ ಸೇರಿಸಿ ಸಮಾಧಾನ ಹೇಳಿದಳು. ಕರಡವನ್ನು ಕೈಗೆ ತೆಗೆದುಕೊಂಡಾಗ ಮಾತ್ರ ಮೂಗಿನ ಹತ್ತಿರ ತಂದು ಮೂಸಿ, ಇದು ಕಾವಲಿನದು ಅಲ್ವೇನೇ, ನಿಮ್ಮೂರ ಕಡೇದು ಎಂದಳು. ಹೂಂ ಎಂದೆ. ಮೊದಲೇ ಹೇಳಬಾರದಾ ಎಂದು ಮತ್ತೆ ಬೈದಳು. ಸಂಜೆ ತಂಪಾದ ಮೇಲೆ ಇಬ್ಬರೂ ಮಣೆ ಹಾಕಿಕೊಂಡು ಕೂತು ಎಲ್ಲವನ್ನೂ ಮತ್ತೆ ನೆಟ್ಟೆವು. ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿದೆವು, ಬೇರಿಗೆ ಭಾರವಾಗದಿರಲಿ ಎಂದು. ಕೊತ್ತಂಬರಿ ಬೀಜವನ್ನು ಆರಿಸಿ ತೆಗೆಯೋಣ ಎಂದರೆ ಗಿರಿಜಕ್ಕ ಬಿಡಲಿಲ್ಲ. ಬಿತ್ತಿದ್ದನ್ನು ಎತ್ತಬಾರದು, ಅದರ ಪಾಡಿಗೆ ಅದು ಇರಲಿ ಎಂದಳು. ಅಷ್ಟು ಹೊತ್ತಿಗೆ ನನ್ನ ಧೈರ್ಯವೂ ಖರ್ಚಾಗಿತ್ತು. ಇರಲಿ ಎಂದೆ.

ಅವಳು ಊರಿಗೆ ಹೋದಳು. ನೇರಳೆ ಹುಲ್ಲು ಬೇಗ ಚೇತರಿಸಿಕೊಂಡಿತು, ಬಿಳಿ ಗೆರೆಯದು ಹಿಂದೆಯೇ ಬಂತು. ಕರಡ ಮಾತ್ರ ಒಣ ಕಡ್ಡಿಯಾಗಿ ನಿಂತಿತ್ತು. ನಾನು ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅದರ ಬುಡ ನೋಡುತ್ತಿದ್ದೆ. ಈಗ ಕದ್ದು ನೋಡುವುದಿರಲಿಲ್ಲ. ನಿಮ್ಮಮ್ಮ, ಚಿಗುರಿತಾ ಅಮ್ಮ ಎಂದು ಒಳಗಿನಿಂದಲೇ ಕೇಳುತ್ತಿದ್ದಳು. ನಿಮ್ಮಪ್ಪ ಅಂಗಡಿಯಿಂದ ಒಂದು ರಟ್ಟಿನ ತುಂಡು ತಂದು, ದಯವಿಟ್ಟು ಹುಲ್ಲು ಕೀಳಬೇಡಿ ಎಂದು ಬರೆದು ತೂಗುಹಾಕಿದರು. ಅದು ಪಾರ್ಕಿನ ಹಾಗೆ ಕಾಣುತ್ತದೆ ಎಂದು ನಾನು ತೆಗೆಸಿದೆ. ನಾನೇ ಹೇಳುತ್ತೇನೆ ಎಂದೆ. ಆಮೇಲೆ ಬಂದ ನೆಂಟರಿಗೆ ಹೇಳಿಯೂ ಹೇಳಿದೆ. ನಿಜ ಹೇಳುತ್ತೇನೆ, ಯಾರಿಗೂ ಬೇಸರವಾಗಲಿಲ್ಲ. ಹೌದಾ, ಚೆನ್ನಾಗಿದೆ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು, ಅಷ್ಟೇ. ಇಷ್ಟು ಸುಲಭ ಎಂದು ನನಗೆ ಯಾರೂ ತಿಳಿಸಿರಲಿಲ್ಲ ಎಂಬುದಕ್ಕೆ ಈಗ ಬೇರೆ ಕೋಪವಿದೆ.

ಒಂದು ಬೆಳಿಗ್ಗೆ ಕರಡದ ಒಣ ಬುಡದ ಪಕ್ಕದಲ್ಲಿ ಸೂಜಿಯಂಥ ಹಸಿರು ಕಂಡಿತು. ಕೈಯಲ್ಲಿ ಮುಟ್ಟಿ ನೋಡಿದೆ. ಅದೇ. ಆದರೆ ಅದರ ಸುತ್ತಲೂ, ಉಸಿರಾಡಲು ಜಾಗವಿಲ್ಲದ ಹಾಗೆ, ಗಿರಿಜಕ್ಕನ ಕೊತ್ತಂಬರಿ ಎದ್ದು ನಿಂತಿತ್ತು. ನಾನು ಮಣೆ ಎಳೆದುಕೊಂಡು ಕೂತೆ. ರಾಗಿ ಸಾಲಿನಲ್ಲಿ ಕೂತ ಹಾಗೆಯೇ ಕೂತು, ಎರಡು ಬೆರಳಿನಿಂದ ಬುಡ ಹಿಡಿದು, ಹುಲ್ಲಿಗೆ ನೋವಾಗದ ಹಾಗೆ, ಒಂದೊಂದೇ ಕೊತ್ತಂಬರಿ ಸಸಿ ಕಿತ್ತೆ.

ಅದೇ ದಿನ ಮಧ್ಯಾಹ್ನ ಗಿರಿಜಕ್ಕನ ಫೋನು ಬಂತು. ಕಣ್ಣು ಚೆನ್ನಾಗಿದೆ, ಪೇಪರು ಓದುತ್ತಿದ್ದೇನೆ ಎಂದೆಲ್ಲ ಹೇಳಿ, ಕೊತ್ತಂಬ್ರಿ ಹುಟ್ತೇನೇ ಎಂದು ಕೇಳಿದಳು.

"ಹುಟ್ಟಿತ್ತು ಅಕ್ಕ. ಹುಲ್ಲಿಗೆ ಕಳೆ ಆಗ್ತಿತ್ತು, ಕಿತ್ತಾಕ್ದೆ."

ಗಿರಿಜಕ್ಕ ನಗತೊಡಗಿದಳು. ಅವಳು ನಕ್ಕರೆ ಫೋನಿನ ಅವಶ್ಯಕತೆ ಇರುವುದಿಲ್ಲ, ಪಂಚನಹಳ್ಳಿಯಿಂದ ನೇರವಾಗಿಯೇ ಕೇಳಿಸುತ್ತದೆ. ನಕ್ಕು ಸಾಕಾದ ಮೇಲೆ, ಸಾರಿಗಾದ್ರೂ ಹಾಕ್ದೇನೇ ಎಂದಳು.

ಹಾಕಿದ್ದೆ. ಬಹಳ ದಿನದಿಂದ ಅಷ್ಟು ಘಮ್ಮೆನ್ನುವ ಸಾರು ನಮ್ಮ ಮನೆಯಲ್ಲಿ ಆಗಿರಲಿಲ್ಲ. ನಿಮ್ಮಪ್ಪ ಎರಡು ಸಲ ಬಡಿಸಿಕೊಂಡರು. ಆದರೆ ಗಿರಿಜಕ್ಕನಿಗೆ ಅದನ್ನು ನಾನು ಹೇಳಲಿಲ್ಲ. ಬಾಯಿ ಬಿಟ್ಟು ಹೇಳುವುದನ್ನು ಕಲಿತೆ ಎಂದ ಮಾತ್ರಕ್ಕೆ ಎಲ್ಲವನ್ನೂ ಹೇಳಿಬಿಡಬೇಕೆಂದೇನೂ ಇಲ್ಲ.